ಕಂಚುಗಾರನಾದ ಜಾನ್ ಬನ್ಯನನ ಚರಿತ್ರೆ

ಹೋದ ಮಳೆಗಾಲದಲ್ಲಿ ಒಂದು ಗ್ರಾಮದ ಸಭೆಯಲ್ಲಿ ಸಾಯಂಕಾಲದ ಪ್ರಾರ್ಥನೆ ತೀರಿದ ಮೇಲೆ ನಾನು ಯಾತ್ರಿಕನ ಸಂಚಾರವೆಂಬ ಪುಸ್ತಕದಿಂದ ಕೆಲವು ಪುಟಗಳನ್ನು ಓದಿ ಹೇಳುತ್ತಿದ್ದೆನು. ಬೆನ್ನಿನ ಮೇಲೆ ಭಾರವಾದ ಹೊರೆಯನ್ನು ಹೊತ್ತ ಮನುಷ್ಯನು ನಾಶನಪುರವನ್ನು ಬಿಟ್ಟು ಹೊರಟನೆಂಬಲ್ಲಿಗೆ ಬಂದಾಗ, ವೃದ್ಧರಾದ ಒಬ್ಬ ಹಿರಿಯರು, ಆ ಊರು ಯಾವ ಸೀಮೆಯಲ್ಲಿದೆ, ಆ ಮನುಷ್ಯನು ಯಾವ ಕಾಲದವನು ಎಂದು ವಿಚಾರಿಸಿದರು. ಅಂಥ ಊರೂ ಇಲ್ಲ, ಅಂಥ ಮನುಷ್ಯನೂ ಇರಲಿಲ್ಲ, ಇದು ಒಬ್ಬ ದೈವಭಕ್ತನು ಕಲ್ಪಿಸಿದ ಕಥೆಯೆಂದು ನಾನು ಹೇಳಲು ಅವರ ಮುಖವು ಸಪ್ಪಗಾಯಿತು. ನಮ್ಮ ಹಿರಿಯರ ಕಟ್ಟುಕಥೆಗಳನ್ನೆಲ್ಲಾ ಬಿಟ್ಟು ಸತ್ಯವನ್ನು ಹುಡುಕಿಕೊಂಡು ಬಂದ ನಮಗೆ ಇನ್ನೊಂದು ಕಟ್ಟುಕಥೆ ಯಾತಕ್ಕೆ ಬೇಕು, ನಡೆಯದೆ ಇದ್ದದ್ದನ್ನು ನಡೆಯಿತೆಂದು ಬರೆಯುವದು ಸುಳ್ಳಲ್ಲವೋ ಎಂಬದು ಅವರ ಸಂದೇಹವಾಗಿತ್ತು. ಆ ರಾತ್ರಿ ನಾನು ಕೊಟ್ಟ ಉತ್ತರವು ನನಗೇ ಸಮಾಧಾನವನ್ನುಂಟುಮಾಡಲಿಲ್ಲ. ಆದಕಾರಣ ಆ ಪುಸ್ತಕವನ್ನು ಬರೆದವನ ಚರಿತ್ರೆಯನ್ನೇ ಇಲ್ಲಿ ಬರೆಯುತ್ತೇನೆ. ಅವನು ತನ್ನ ಜೀವಮಾನದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಒಂದು ಪುಸ್ತಕದಲ್ಲಿ ಬರೆದನು. ಅದನ್ನೇ ಕಥೆಯಾಗಿಯೂ ಬರೆದನು. ಒಬ್ಬನ ಕೈಯಿಂದ ಈ ಎರಡು ವಿಧದ ಪುಸ್ತಕಗಳು ಹುಟ್ಟಿದ್ದು ಹೇಗೆಂದು ತಿಳಿದರೆ ಆ ಹಿರಿಯರ ಪ್ರಶ್ನೆಯನ್ನು ಚೆನ್ನಾಗಿ ವಿಚಾರಿಸಬಹುದು.

ಇಂಗ್ಲೆಂಡ್ ದೇಶದಲ್ಲಿ ಬೆಡ್‌ಫರ್ಡ್ ಎಂಬ ಪಟ್ಟಣವುಂಟು. ಅದರ ಸಮೀಪದ ಎಲ್ಸ್‌ಟೋ ಎಂಬ ಹಳ್ಳಿಯಲ್ಲಿ 1628ನೆಯ ವರುಷದಲ್ಲಿ ಜಾನ್ ಬನ್ಯನನು ಹುಟ್ಟಿದನು. ಅವನ ತಂದೆ ಥಾಮಸನು ಕಂಚುಗಾರನು; ಊರೂರು ತಿರುಗಿ ತೂತುಬಿದ್ದ ಪಾತ್ರೆಗಳನ್ನೂ ಒಡೆದ ಕೆಟಲುಗಳನ್ನೂ ಬೆಸೆದು ಕೊಡುವದೇ ಅವನ ಕಸಬು. ಆ ದೇಶದಲ್ಲಿ ಆ ಕಸಬಿನವರನ್ನು ಜನರು ಹೀನಾಯವಾಗಿ ನೋಡುತ್ತಿದ್ದರು. ಬಡತನವಿದ್ದರೂ ತಂದೆತಾಯಿಗಳು ಮಗನನ್ನು ಓದುಬರಹಕ್ಕೆ ಹಾಕಿದರು. ಆದರೆ ಅವನು ಕಲಿತದ್ದನ್ನು ಬೇಗನೆ ಬಹುಮಟ್ಟಿಗೆ ಮರೆತುಬಿಟ್ಟನೆಂದು ತಾನೇ ಬರೆದಿದ್ದಾನೆ. ಹುಡುಗನಾಗಿರುವಾಗಲೇ ಆಣೆಯಿಡುವದರಲ್ಲಿಯೂ ಸುಳ್ಳಾಡುವದರಲ್ಲಿಯೂ ಅವನ ಸಮಾನರು ಆ ಊರಲ್ಲಿ ಕಡಿಮೆ.

1644ನೆಯ ವರುಷವು ಅವನಿಗೆ ಕಹಿಯಾದ ವರುಷ. ಜೂನ್ ತಿಂಗಳಲ್ಲಿ ತಾಯಿ ಸತ್ತಳು. ಜುಲೈಯಲ್ಲಿ ತಂಗಿ ಸತ್ತಳು. ಮುಂದಿನ ತಿಂಗಳಲ್ಲಿಯೇ ತಂದೆ ಬೇರೊಬ್ಬಳನ್ನು ಮದುವೆಯಾದನು. ಆ ಕಾಲದಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿತ್ತು. ಹದಿನಾರು ವರುಷದ ಬನ್ಯನನು ಪಾರ್ಲಿಮೆಂಟಿನ ದಂಡಿನಲ್ಲಿ ಸೇರಿ ನ್ಯೂಪೋರ್ಟ್ ಪ್ಯಾಗ್ನೆಲ್ ಎಂಬ ಠಾಣ್ಯದಲ್ಲಿ ಸುಮಾರು ಮೂರು ವರುಷ ಇದ್ದನು. ಅಲ್ಲಿಯ ಒಂದು ಸಂಗತಿಯನ್ನು ಅವನು ಸಾಯುವ ತನಕ ಮರೆಯಲಿಲ್ಲ. ಒಂದು ಕೋಟೆಯ ಮುತ್ತಿಗೆಗೆ ಅವನನ್ನು ಕಳುಹಿಸುವದೆಂದು ಗೊತ್ತಾಗಿತ್ತು. ಹೊರಡುವ ಹೊತ್ತಿಗೆ ಬೇರೊಬ್ಬ ಸಿಪಾಯಿಯು ತಾನು ಹೋಗುತ್ತೇನೆಂದು ಕೇಳಿಕೊಂಡು ಇವನ ಸ್ಥಳದಲ್ಲಿ ಹೋದನು. ಕಾವಲಿಗೆ ನಿಂತಿರುವಾಗ ತಲೆಗೆ ಗುಂಡು ತಗಲಿ ಸತ್ತನು.

ದಂಡಿನಿಂದ ಹಿಂದಿರುಗಿ ಬಂದು ಸುಮಾರು 1649ರಲ್ಲಿ ಮದುವೆ ಮಾಡಿಕೊಂಡನು. ಗಂಡಹೆಂಡರ ಕೈಯಲ್ಲಿ ಒಂದು ತಟ್ಟೆಯಾಗಲಿ ಒಂದು ಚಮಚವಾಗಲಿ ಇರಲಿಲ್ಲ. ಆದರೂ ಆ ಹೆಂಡತಿಯು ತವರಿನಿಂದ ಎರಡು ಪುಸ್ತಕಗಳನ್ನು ತಂದಿದ್ದಳು. ಅವು ಆರ್ಥರ್ ಡೆಂಟ್ ಎಂಬ ಬೋಧಕನು ಪರಲೋಕದ ಮಾರ್ಗವನ್ನು ಕುರಿತು ಸಾಮಾನ್ಯ ಜನರಿಗಾಗಿ ಸಂಭಾಷಣೆಯ ರೂಪವಾಗಿ ಬರೆದ ಪುಸ್ತಕ ಒಂದು. ಲೂಯಿಸ್ ಬೇಲಿ ಎಂಬ ಬಿಷಪನು ಭಕ್ತಿಯ ಅಭ್ಯಾಸವನ್ನು ಕುರಿತು ಬರೆದದ್ದು ಇನ್ನೊಂದು. ಅವಳ ತಂದೆಯು ಸಾಯುವಾಗ ಬಿಟ್ಟ ಆಸ್ತಿಯು ಅಷ್ಟೇ. ಸಾಯಂಕಾಲಗಳಲ್ಲಿ ಇಬ್ಬರೂ ಕೂಡಿ ಅವನ್ನು ಓದುತ್ತಿದ್ದರು. ಮರೆತುಹೋಗಿದ್ದ ಓದು ಅವನಿಗೆ ಹೀಗೆ ಹಿಂದಕ್ಕೆ ಬಂತು. ಇಷ್ಟು ಉಪಕಾರ ಮಾಡಿದ ಆ ಹೆಂಡತಿಯ ಹೆಸರನ್ನು ಅವನು ತನ್ನ ಪುಸ್ತಕದಲ್ಲಿ ಎಲ್ಲಿಯೂ ಬರೆಯಲಿಲ್ಲ. ಇದನ್ನು ಓದುವಾಗೆಲ್ಲಾ ನನಗೆ ಅಸಮಾಧಾನವಾಗುತ್ತದೆ. ಅವರ ಮೊದಲನೆಯ ಮಗುವು ಮೇರಿ. ಅವಳು ಹುಟ್ಟುಕುರುಡಿ.

ಆಗ ಬನ್ಯನನು ಕೂಡಲೇ ಒಳ್ಳೆಯವನಾದನೆಂದು ತಿಳಿಯಬೇಡಿರಿ. ಅವನಿಗೆ ಆಟಗಳ ಮೇಲೆ ಬಹಳ ಆಶೆ. ನಮ್ಮ ಹುಡುಗರ ಚಿನ್ನಿದಾಂಡಿಗೆ ಸಮಾನವಾದ ಒಂದು ಆಟವು ಅಲ್ಲಿಯೂ ಉಂಟು. ಒಂದು ಭಾನುವಾರ ಬೆಳಿಗ್ಗೆ ದೇವಾಲಯದಲ್ಲಿ ಪ್ರಸಂಗವನ್ನು ಕೇಳಿ, ಮಧ್ಯಾಹ್ನ ಊರ ಬಯಲಿನಲ್ಲಿ ಆ ಆಟವನ್ನು ಆಡುತ್ತಾ, ಚಿನ್ನಿಯನ್ನು ಒಂದು ಏಟು ಹೊಡೆದು ಎರಡನೆಯ ಏಟಿಗೆ ಕೈಯೆತ್ತಿದಾಗ, ಪಾಪವನ್ನು ಬಿಟ್ಟು ಪರಲೋಕಕ್ಕೆ ಹೋಗುವೆಯೋ, ಇಟ್ಟುಕೊಂಡು ನರಕಕ್ಕೆ ಹೋಗುವೆಯೋ ಎಂಬ ಪ್ರಶ್ನೆಯು ಮೇಲಿನಿಂದ ಬಂದಂತೆ ಅವನ ಮನಸ್ಸಿಗೆ ತಗಲಿತು. ಅವನು ಚಿನ್ನಿಯನ್ನು ನೆಲದ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಆಕಾಶವನ್ನು ನೋಡುತ್ತಾ ನಿಂತನು. ಆ ಮೇಲೆ ಇನ್ನು ತನಗೆ ಕ್ಷಮೆಯಿಲ್ಲ, ಹೇಗೂ ನಾಶವಾಗುವವನು ಇನ್ನಷ್ಟು ಆಡಿಯೇ ಹೋಗುವೆನೆಂದು ಯೋಚಿಸಿ ತಿರಿಗಿ ಆಟಕ್ಕೆ ಹೋದನು. ದೇವಾಲಯದ ಗಂಟೆಯನ್ನು ಬಾರಿಸುವದೆಂದರೆ ಅವನಿಗೆ ಪ್ರಾಣ. ಅದೂ ತಪ್ಪೆಂದು ತೋರಿ ಬಿಟ್ಟ ಮೇಲೆಯೂ ಬೇರೆಯವರು ಬಾರಿಸುವದನ್ನು ನೋಡುವದಕ್ಕೆ ಹೋಗುತ್ತಿದ್ದನು. ಹೋಗಿ, ಗಂಟೆ ತನ್ನ ಮೇಲೆ ಬಿದ್ದೀತೆಂದು ತೊಲೆಯ ಕೆಳಗೆ ನಿಲ್ಲುವನು. ಗಂಟೆ ಗೋಡೆಗೆ ತಗಲಿ ಹಾರಿ ಬಂದೀತೆಂದು ಬಾಗಲಿಗೆ ಬರುವನು. ಗೋಪುರವೇ ಬಿದ್ದೀತೆಂದು ಅಲ್ಲಿಂದಲೂ ಓಡುವನು.

ಹೀಗಿರಲಾಗಿ ಒಂದು ದಿನ ಕೆಲಸದ ನಿಮಿತ್ತ ಬೆಡ್‌ಫರ್ಡಿಗೆ ಹೋದಾಗ ಒಂದು ಬೀದಿಯಲ್ಲಿ ಮೂರು ನಾಲ್ಕು ಮಂದಿ ಬಡ ಹೆಂಗಸರು ಬಾಗಲ ಮುಂದೆ ಬಿಸಿಲು ಕಾಯಿಸಿಕೊಳ್ಳುತ್ತಾ ದೇವರ ವಿಷಯವಾಗಿ ಮಾತಾಡುತ್ತಿದ್ದರು. ಅಷ್ಟು ಹೊತ್ತಿಗೆ ಊರಿನವರೆಲ್ಲರೂ ಹೊಗಳುವಷ್ಟು ಭಕ್ತನಾಗಿದ್ದ ಇವನು ತಾನೂ ಎರಡು ಮಾತನ್ನು ಸೇರಿಸೋಣವೆಂದು ಹತ್ತಿರ ಬಂದನು. ಕೇಳಿದರೆ ಅವರ ಮಾತು ಇವನಿಗೆ ಅರ್ಥವೇ ಆಗಲಿಲ್ಲ. ಹೊಸದಾಗಿ ಹುಟ್ಟುವದು, ತಮ್ಮ ಹೃದಯದ ದೌರ್ಬಲ್ಯ, ಕರ್ತನು ತಮ್ಮನ್ನು ಸಂತೈಸಿದ ಬಗೆ, ಇವನ್ನು ಅವರು ಸಂತೋಷದಿಂದ, ಮನೆಯ ಸುದ್ದಿಯನ್ನು ಮಾತಾಡಿದ ಹಾಗೆ, ಮಾತಾಡಿಕೊಳ್ಳುತ್ತಿದ್ದರು. ಅವನು ಸುಮ್ಮನೆ ಹೊರಟುಹೋದರೂ ಅವನ ಮನಸ್ಸು ಅಲ್ಲಿಯೇ ನಿಂತಿತು. ಆ ಹೆಂಗಸರು ಜಾನ್ ಗಿಫರ್ಡ್ ಎಂಬ ಬೋಧಕನ ಸಣ್ಣ ಸಭೆಗೆ ಸೇರಿದವರು. ಈ ಗಿಫರ್ಡನು ಮೊದಲು ಅರಸನ ದಂಡಿನಲ್ಲಿ ಅಧಿಕಾರಿಯಾಗಿದ್ದವನು, ಅಂದರೆ ಬನ್ಯನನ ಶತ್ರುಪಕ್ಷದವನು.

ಆದರೂ ಸಮಾಧಾನವು ಬರುವದಕ್ಕೆ ವರುಷಗಳು ಹಿಡಿದವು. ತನಗೆ ನಂಬಿಕೆ ಉಂಟೋ ಇಲ್ಲವೋ ಎಂದು ಪರೀಕ್ಷಿಸುವದಕ್ಕಾಗಿ ಒಂದು ದಿನ ಎಲ್ಸ್‌ಟೋವಿನಿಂದ ಬೆಡ್‌ಫರ್ಡಿಗೆ ಹೋಗುವ ದಾರಿಯಲ್ಲಿ ಕುದುರೆಗಳ ಗೊರಸಿನ ಗುಂಡಿಗಳಲ್ಲಿ ನಿಂತ ನೀರಿಗೆ ಒಣಗಿಹೋಗೆಂದು ಅಪ್ಪಣೆ ಕೊಡಬೇಕೆಂದಿದ್ದನು. ಮೊದಲು ಪ್ರಾರ್ಥಿಸೋಣವೆಂದು ಬೇಲಿಯ ಮರೆಗೆ ಹೋಗಬೇಕೆನ್ನುವಷ್ಟರಲ್ಲಿ, ಒಣಗದೆ ಹೋದರೆ ಗತಿಯೇನೆಂಬ ಭಯ ಹುಟ್ಟಿ ಆ ಯೋಚನೆಯನ್ನೇ ಬಿಟ್ಟನು. ಇದನ್ನು ಓದಿ ನಗಬಹುದು. ಆದರೆ ಅದನ್ನು ಬರೆದವನು ಅವನೇ ಎಂಬದು ನೆನಪಿರಲಿ. ಮುಂದೆ ಬಂದದ್ದು ನಗುವ ಸಂಗತಿಯಲ್ಲ. ಏಸಾವನು ಜ್ಯೇಷ್ಠತ್ವವನ್ನು ಮಾರಿದ ಹಾಗೆ ನೀನು ಕ್ರಿಸ್ತನನ್ನು ಮಾರಿಬಿಡು ಎಂಬ ಆಲೋಚನೆಯು ಊಟದಲ್ಲಿಯೂ ಕೆಲಸದಲ್ಲಿಯೂ ಹಾಸಿಗೆಯಲ್ಲಿಯೂ ಅವನನ್ನು ಬೆನ್ನಟ್ಟಿತು. ಒಂದು ಬೆಳಿಗ್ಗೆ ಆಯಾಸದಿಂದ ಮನಸ್ಸು ಅದಕ್ಕೆ ಒಪ್ಪಿದಂತೆ ಅವನಿಗೆ ತೋರಿತು. ಆ ಮೇಲೆ ಬಹುಕಾಲ ತಾನು ತಳ್ಳಲ್ಪಟ್ಟವನೆಂದೇ ನಂಬಿ ಅಲೆದನು. ಮಾರ್ಟಿನ್ ಲೂಥರನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೇಲೆ ಮಾಡಿದ ವ್ಯಾಖ್ಯಾನದ ಒಂದು ಹಳೆಯ ಪ್ರತಿಯು, ಹಾಳೆಗಳು ಕಳಚಿ ಬೀಳುವಂಥದ್ದು, ಅವನ ಕೈಗೆ ಸಿಕ್ಕಿತು. ನೂರು ವರುಷದ ಹಿಂದೆ ಬೇರೆ ದೇಶದಲ್ಲಿದ್ದ ಒಬ್ಬನು ತನ್ನ ಹೃದಯವನ್ನೇ ನೋಡಿ ಬರೆದ ಹಾಗಿದೆಯಲ್ಲಾ ಎಂದು ಅವನು ಬೆರಗಾದನು. ಕಡೆಗೆ ಒಂದು ದಿನ ಹೊಲವನ್ನು ದಾಟುತ್ತಿರುವಾಗ, ತನ್ನ ನೀತಿಯು ತನ್ನಲ್ಲಿ ಇರುವದಲ್ಲ, ಪರಲೋಕದಲ್ಲಿ ತಂದೆಯ ಬಲಗಡೆಯಲ್ಲಿರುವ ಕ್ರಿಸ್ತನೇ ತನ್ನ ನೀತಿಯೆಂಬದು ಅವನಿಗೆ ಸ್ಪಷ್ಟವಾಯಿತು.

ಸಭೆಯಲ್ಲಿ ಸೇರಿದ ಮೇಲೆ ಸಹೋದರರು ಅವನನ್ನು ಬೋಧಿಸುವದಕ್ಕೆ ಪ್ರೇರಿಸಿದರು. ಸುಮಾರು 1655ರಿಂದ ಕಸಬನ್ನೂ ನಡಿಸುತ್ತಾ ಹಳ್ಳಿಗಳಲ್ಲಿ ಸುವಾರ್ತೆಯನ್ನು ಸಾರಿದನು. 1656ರಲ್ಲಿ ಅವನ ಮೊದಲನೆಯ ಪುಸ್ತಕವು ಅಚ್ಚಾಯಿತು. ಅದು ಬೇರೆ ಪಂಗಡದವರ ಸಂಗಡ ಮಾಡಿದ ವಾದ. ಅಂಥವನ್ನು ಅವನು ಅನೇಕ ಬರೆದನು. ಅವನ್ನು ನಾವು ಬಿಟ್ಟು ಮುಂದೆ ಹೋಗಬಹುದು. 1658ರಲ್ಲಿ ಹೆಂಡತಿಯು ನಾಲ್ಕು ಮಕ್ಕಳನ್ನು ಬಿಟ್ಟು ತೀರಿಹೋದಳು. ಮರುವರುಷ ಎಲಿಜಬೆತ್ ಎಂಬ ಯೌವನಸ್ಥೆಯನ್ನು ಮದುವೆಯಾದನು.

1660ರಲ್ಲಿ ಎರಡನೆಯ ಚಾರ್ಲ್ಸ್ ಅರಸನು ಸಿಂಹಾಸನಕ್ಕೆ ಬಂದನು. ರಾಜ್ಯದ ಸಭೆಗೆ ಹೊರಗಾಗಿ ಕೂಟ ಮಾಡುವವರ ಮೇಲೆ ಹಳೆಯ ಕಾನೂನು ತಿರಿಗಿ ಎದ್ದಿತು. ಆ ವರುಷ ನವೆಂಬರ್ 12ರಲ್ಲಿ ಲೋವರ್ ಸ್ಯಾಮ್‌ಸೆಲ್ ಎಂಬ ಹಳ್ಳಿಯ ಒಂದು ಮನೆಯಲ್ಲಿ ಬೋಧಿಸುವದಕ್ಕೆ ಅವನು ಬಂದಾಗ, ಹಿಡಿಯುವದಕ್ಕೆ ವಾರಂಟು ಹೊರಟಿದೆಯೆಂಬ ಸುದ್ದಿಯು ಮೊದಲೇ ತಿಳಿಯಿತು. ಕೂಟವನ್ನು ನಿಲ್ಲಿಸಿ ತಪ್ಪಿಸಿಕೊಳ್ಳಲು ಸಮಯವಿತ್ತು. ಅವನು ಹೊಲಕ್ಕೆ ಹೋಗಿ ಅತ್ತಿತ್ತ ನಡೆಯುತ್ತಾ ಯೋಚಿಸಿದನು. ಬೇರೆಯವರಿಗೆ ಧೈರ್ಯ ಹೇಳಿದ ತಾನು ಓಡಿದರೆ ಹೊಸ ವಿಶ್ವಾಸಿಗಳು ಏನಾದಾರು? ಹಿಂದಕ್ಕೆ ಬಂದು ಪ್ರಾರ್ಥನೆಯನ್ನು ಆರಂಭಿಸಿದನು. ಕಾನ್‌ಸ್ಟೇಬಲನು ಬಂದು ಹಿಡಿದನು.

ಎಲಿಜಬೆತಳು ಆಗ ಗರ್ಭಿಣಿ. ಸುದ್ದಿಯನ್ನು ಕೇಳಿದ ದಿಗಿಲಿಗೆ ಅಕಾಲದಲ್ಲಿ ಹೆರಿಗೆಯಾಗಿ ಶಿಶುವು ಸತ್ತಿತು. ಗಂಡನಿಗೆ ಮೂರು ತಿಂಗಳು ಸೆರೆ, ಆ ಮೇಲೆಯೂ ಬೋಧಿಸುವದನ್ನು ಬಿಡದಿದ್ದರೆ ದೇಶಾಂತರ, ಅಪ್ಪಣೆಯಿಲ್ಲದೆ ಹಿಂದಿರುಗಿದರೆ ಗಲ್ಲು ಎಂಬ ತೀರ್ಪಾಯಿತು. 1661ನೆಯ ಆಗಸ್ಟಿನಲ್ಲಿ ಈ ಹೆಂಗಸು ಬೆಡ್‌ಫರ್ಡಿನ ಸ್ವಾನ್ ಎಂಬ ವಸತಿಗೃಹದ ಮಾಳಿಗೆಯಲ್ಲಿ ನ್ಯಾಯಾಧಿಪತಿಗಳೂ ದೊಡ್ಡ ಮನುಷ್ಯರೂ ಕೂಡಿದ್ದಲ್ಲಿಗೆ ನಡುಗುತ್ತಾ ಹೋಗಿ ಗಂಡನಿಗಾಗಿ ಮೊರೆಯಿಟ್ಟಳು. ತಾನು ಹೆರದ ನಾಲ್ಕು ಮಕ್ಕಳು, ಅವರಲ್ಲೊಬ್ಬಳು ಕುರುಡಿ, ಧರ್ಮದ ಅನ್ನವಲ್ಲದೆ ಜೀವನವಿಲ್ಲ ಎಂದು ತಿಳಿಸಿದಳು. ಸರ್ ಮ್ಯಾಥ್ಯೂ ಹೇಲ್ ಎಂಬ ನ್ಯಾಯಾಧಿಪತಿಯು ಕನಿಕರದಿಂದ ಕೇಳಿ ಕಾನೂನಿನ ದಾರಿಗಳನ್ನು ಹೇಳಿಕೊಟ್ಟನು. ಟ್ವಿಸ್‌ಡನ್ ಎಂಬ ಇನ್ನೊಬ್ಬನು ಗದರಿಸಿದನು. ಅವಳು ಬರಿಗೈಯಲ್ಲಿ ಅಳುತ್ತಾ ಹೊರಟಳು. ತನ್ನ ಗಂಡನಿಗಾಗಿ ಅಲ್ಲ, ಕರ್ತನು ಬರುವಾಗ ಇಂಥವರು ಎಂಥ ಲೆಕ್ಕವನ್ನು ಒಪ್ಪಿಸಬೇಕಾಗುವದೋ ಎಂದು ಅಳುತ್ತಿದ್ದಳಂತೆ. ಈ ಸಂಗತಿಯನ್ನೆಲ್ಲಾ ಬನ್ಯನನು ಸೆರೆಯಲ್ಲಿ ಬರೆದಿಟ್ಟನು. ಅದು ಅವನ ಮನೆಯವರಲ್ಲಿಯೇ ಉಳಿದು 1765ರಲ್ಲಿ ಮೊದಲು ಅಚ್ಚಾಯಿತು.

ಮೂರು ತಿಂಗಳ ಸೆರೆಯು ಹನ್ನೆರಡು ವರುಷವಾಯಿತು. ಈ ಹನ್ನೆರಡು ವರುಷಗಳ ಬಾಗಲಿಗೆ ಬೀಗದ ಕೈ ಬನ್ಯನನ ಬಾಯಲ್ಲಿಯೇ ಇತ್ತು ಎಂಬದನ್ನು ವಾಚಕರು ಗಮನಿಸಬೇಕು. ಇನ್ನು ಬೋಧಿಸುವದಿಲ್ಲವೆಂದು ಒಂದು ಮಾತು ಕೊಟ್ಟಿದ್ದರೆ ಅವನು ಮನೆಗೆ ಹೋಗಬಹುದಾಗಿತ್ತು. ಮನೆಯಲ್ಲಿ ಕುರುಡು ಮಗಳು. ಉಳಿದವರಿಗಿಂತ ಅವಳೇ ತನ್ನ ಹೃದಯಕ್ಕೆ ಹತ್ತಿರದವಳೆಂದೂ, ಅವಳು ಹಸಿದಾಳು, ಚಳಿಯಲ್ಲಿ ನಡುಗಿಯಾಳು, ಭಿಕ್ಷೆ ಬೇಡಿಯಾಳು, ಯಾರಾದರೂ ಹೊಡೆದಾರು ಎಂಬ ಯೋಚನೆಯು ತನ್ನನ್ನು ಒಡೆಯುತ್ತಿತ್ತೆಂದೂ, ತನ್ನ ಮನೆಯನ್ನು ಹೆಂಡತಿ ಮಕ್ಕಳ ತಲೆಯ ಮೇಲೆ ತಾನೇ ಕೆಡವುತ್ತಿರುವವನ ಹಾಗೆ ಇದ್ದೆನೆಂದೂ ಅವನು ಬರೆದಿದ್ದಾನೆ. ಅವನು ಮಾಡಿದ್ದು ಸರಿಯೋ? ಸಭೆಗಳಲ್ಲಿ ಇದನ್ನು ಓದಿ ಹೇಳಿದಾಗ ಗಂಡಸರು ಹೌದೆನ್ನುತ್ತಾರೆ, ಹೆಂಗಸರು ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯನ್ನು ನಾನು ಲಘುವಾಗಿ ಎಣಿಸಲಾರೆನು. ಬನ್ಯನನೂ ಎಣಿಸಲಿಲ್ಲ, ತಾನು ಧೀರನೆಂದು ಅವನು ಬರೆಯಲಿಲ್ಲ, ಬೇರೆ ದಾರಿ ಕಾಣಲಿಲ್ಲವೆಂದು ಬರೆದನು. ಮನೆಯವರ ಹೊಟ್ಟೆಗಾಗಿ ಸೆರೆಯಲ್ಲಿ ಉದ್ದವಾದ ಲಾಡಿಗಳನ್ನು ಸಾವಿರಗಟ್ಟಲೆ ಮಾಡಿ ತುದಿಗೆ ತಗಡು ಕಟ್ಟಿ ಮಾರಿಸುತ್ತಿದ್ದನು. ಆ ಮಗಳು ತಂದೆಗಿಂತ ಮೊದಲೇ ತೀರಿಹೋದಳು.

ಸೆರೆಯಲ್ಲಿ ಅವನಿಗಿದ್ದ ಮುಖ್ಯ ಪುಸ್ತಕಗಳು ಎರಡು: ಸತ್ಯವೇದವೂ, ಜಾನ್ ಫಾಕ್ಸನು ಬರೆದ ರಕ್ತಸಾಕ್ಷಿಗಳ ಚರಿತ್ರೆಯೂ. ಅಲ್ಲಿಯೇ ಅವನು ತನ್ನ ಆತ್ಮದ ಚರಿತ್ರೆಯನ್ನು ಬರೆದನು. ಪಾಪಿಗಳಲ್ಲಿ ಮುಖ್ಯನಿಗೆ ಹೇರಳವಾದ ಕೃಪೆಯೆಂಬ ಅರ್ಥದ ಹೆಸರಿನಿಂದ ಅದು 1666ರಲ್ಲಿ ಪ್ರಕಟವಾಯಿತು. ಚಿನ್ನಿದಾಂಡು, ಗಂಟೆ, ಬಿಸಿಲಲ್ಲಿ ಕುಳಿತ ಹೆಂಗಸರು, ನೀರಿನ ಗುಂಡಿಗಳು, ಇವೆಲ್ಲಾ ಅದರಿಂದಲೇ ನಮಗೆ ತಿಳಿದವು. ತನ್ನನ್ನು ಕಾಪಾಡಿಕೊಳ್ಳದೆ ಬರೆದ ಪುಸ್ತಕವದು. ಆದರೂ ನಿಜವನ್ನು ಹೇಳಬೇಕಾದರೆ, ಅದನ್ನು ಓದುವದು ಕಷ್ಟ. ಭಯವಾದ ಮೇಲೆ ಭಯ, ಆಶೆಯಾದ ಮೇಲೆ ನಿರಾಶೆ, ದಾರಿಯಲ್ಲಿ ಮೈಲಿಕಲ್ಲುಗಳೇ ಇಲ್ಲದ ಹಾಗೆ ಸಾಗುತ್ತದೆ. ಅದೇ ತರದ ಸಂಕಟದಲ್ಲಿರುವವನಿಗೆ ಅದು ಔಷಧ. ಬೇರೆಯವರು ನಡುವೆ ಮುಚ್ಚಿಡುತ್ತಾರೆ.

1672ರಲ್ಲಿ ಅರಸನು ಕಾನೂನನ್ನು ಸಡಿಲಿಸಿದಾಗ ಬಿಡುಗಡೆಯಾಯಿತು. ಬಿಡುಗಡೆಯಾಗುವ ಮೊದಲೇ ಬೆಡ್‌ಫರ್ಡಿನ ಸಭೆಯು ಅವನನ್ನು ಪಾಲಕನಾಗಿ ಆರಿಸಿತ್ತು. ಒಂದು ತೋಟದಲ್ಲಿದ್ದ ಕಣಜದ ಕೊಟ್ಟಿಗೆಯು ಅವರ ದೇವಾಲಯವಾಯಿತು. ಕೆಲವು ವರುಷಗಳ ತರುವಾಯ ತಿರಿಗಿ ಸುಮಾರು ಆರು ತಿಂಗಳು ಸೆರೆಯಾಯಿತು.

ಯಾತ್ರಿಕನ ಪುಸ್ತಕವನ್ನು ಅವನು ಸೆರೆಯಲ್ಲಿಯೇ ಆರಂಭಿಸಿದನು. ವಿಶ್ವಾಸಿಗಳ ಓಟವನ್ನು ಕುರಿತು ಬೇರೊಂದು ಪುಸ್ತಕವನ್ನು ಬರೆಯುತ್ತಿರುವಾಗ ಒಂದು ಹೋಲಿಕೆ ಹೊಳೆಯಿತು. ಅದರಿಂದ ಇಪ್ಪತ್ತು ಹೊಳೆದವು. ಒಲೆಯ ಕಿಡಿಗಳ ಹಾಗೆ ಹಾರಿಬಂದವುಗಳನ್ನು ಬೇರೆಯಾಗಿ ಕೂಡಿಸಿಟ್ಟನು. ಮುಗಿದ ಮೇಲೆ ಸ್ನೇಹಿತರಿಗೆ ತೋರಿಸಿದನು. ನಮ್ಮ ಹಿರಿಯರ ಸಂದೇಹವೇ ಅಲ್ಲಿಯೂ ಎದ್ದಿತು! ಕೆಲವರು ಅಚ್ಚುಹಾಕಿಸೆಂದರು, ಕೆಲವರು, ದೇವರ ಕಾರ್ಯವನ್ನು ಕಟ್ಟುಕಥೆಯಲ್ಲಿ ಹೇಳುವದು ಯೋಗ್ಯವಲ್ಲ, ಬೇಡವೆಂದರು. ಅವನು ಬಹಳ ಯೋಚಿಸಿ, ಪ್ರವಾದಿಗಳೂ ಕರ್ತನೂ ಸಾಮ್ಯಗಳಿಂದ ಉಪದೇಶಿಸಿದರಲ್ಲಾ ಎಂದು ಧೈರ್ಯಗೊಂಡು, 1678ರಲ್ಲಿ ಲಂಡನಿನ ನಥಾನಿಯಲ್ ಪಾಂಡರ್ ಎಂಬ ಪುಸ್ತಕ ವ್ಯಾಪಾರಿಯಿಂದ ಪ್ರಕಟಿಸಿದನು. ಬೆಲೆ ಒಂದೂವರೆ ಶಿಲ್ಲಿಂಗು.

ಎರಡು ಪುಸ್ತಕಗಳನ್ನೂ ಪಕ್ಕದಲ್ಲಿಟ್ಟು ಓದಿದವರಿಗೆ ಕಥೆಯಲ್ಲಿ ಬಂದ ಒಂದೊಂದು ಸ್ಥಳವೂ ಅವನು ಕಾಲಿಟ್ಟ ನೆಲವೇ ಎಂದು ತಿಳಿಯುವದು. ನಿರಾಶೆಯ ಕೆಸರಿನಲ್ಲಿ ಅವನು ವರುಷಗಟ್ಟಲೆ ಹೂತಿದ್ದನು. ಸಂದೇಹದ ಕೋಟೆಯಲ್ಲಿ ರಾಕ್ಷಸನ ಪೆಟ್ಟು ತಿನ್ನುತ್ತಾ ಬಿದ್ದಿದ್ದ ಯಾತ್ರಿಕನಿಗೆ, ವಾಗ್ದಾನವೆಂಬ ಬೀಗದ ಕೈ ಮೊದಲಿನಿಂದಲೂ ತನ್ನ ಎದೆಯಲ್ಲಿಯೇ ಇತ್ತೆಂದು ನೆನಪಾಗುತ್ತದೆ; ಹೊಲದ ದಾರಿಯಲ್ಲಿ ಬನ್ಯನನಿಗೆ ಆದದ್ದು ಅದೇ. ವ್ಯರ್ಥತೆಯ ಜಾತ್ರೆಯಲ್ಲಿ ನಂಬಿಗಸ್ತನೆಂಬವನನ್ನು ವಿಚಾರಿಸುವ ನ್ಯಾಯಾಧಿಪತಿಯ ಗದರಿಕೆಯನ್ನು ಅವನ ಕಿವಿಯು ಕೇಳಿತ್ತು. ಬೆನ್ನಿನ ಹೊರೆಯೋ, ಊರೂರು ತಿರುಗುವ ಕಂಚುಗಾರನ ಬೆನ್ನು ಬಲ್ಲದ್ದೇ. ಆತ್ಮಚರಿತ್ರೆಯಲ್ಲಿ ಇಲ್ಲದ ಮೈಲಿಕಲ್ಲುಗಳು ಇಲ್ಲಿ ಬಂದವು. ಒಬ್ಬನಿಗೆ ಆದದ್ದು ಎಲ್ಲರೂ ನಡೆಯಬಹುದಾದ ದಾರಿಯಾಯಿತು. ಮುಂದಿನ ಸಾರಿ ಆ ಹಿರಿಯರನ್ನು ನೋಡಿದಾಗ ಇಷ್ಟನ್ನಾದರೂ ಹೇಳಬೇಕೆಂದಿದ್ದೇನೆ.

ತರುವಾಯ ಅವನು ಕಥೆಯ ಬೇರೆ ಬೇರೆ ರೂಪಗಳನ್ನು ಪ್ರಯತ್ನಿಸಿದನು. 1680ರಲ್ಲಿ ಒಬ್ಬ ದುಷ್ಟ ವ್ಯಾಪಾರಿಯ ಜೀವನವನ್ನೂ ಮರಣವನ್ನೂ ಇಬ್ಬರು ನೆರೆಯವರ ಸಂಭಾಷಣೆಯಾಗಿ ಬರೆದನು. ಸುಳ್ಳು ತೂಕ, ಸಾಲ ಮಾಡಿ ದಿವಾಳಿಯೆಂದು ಮೋಸಮಾಡುವದು, ಹಣಕ್ಕಾಗಿ ಭಕ್ತೆಯನ್ನು ಮದುವೆಯಾಗುವದು, ಇವೆಲ್ಲಾ ನಮ್ಮ ಸಂತೆಯಲ್ಲಿಯೂ ಕಾಣತಕ್ಕವು. ಕಡೆಗೆ ಆ ದುಷ್ಟನ ಮೇಲೆ ಸಿಡಿಲು ಬಿದ್ದೀತೆಂದು ಓದುವವನು ಕಾದಿರುತ್ತಾನೆ. ಅವನಾದರೋ ಕುರಿಮರಿಯ ಹಾಗೆ ಶಾಂತವಾಗಿ ಸಾಯುತ್ತಾನೆ. ಪಶ್ಚಾತ್ತಾಪವಿಲ್ಲದ ಆ ಶಾಂತಿಯನ್ನು ತೋರಿಸಲಿಕ್ಕೆ ಬನ್ಯನನಿಗೆ ಧೈರ್ಯವಿತ್ತು. 1682ರಲ್ಲಿ ಮನುಷ್ಯನ ಆತ್ಮವನ್ನು ಒಂದು ಪಟ್ಟಣವಾಗಿ, ಕಣ್ಣು ಕಿವಿಗಳನ್ನು ಅದರ ಬಾಗಲುಗಳಾಗಿ ಮಾಡಿ ಪವಿತ್ರ ಯುದ್ಧವೆಂಬ ಪುಸ್ತಕವನ್ನು ಬರೆದನು. ದಂಡಿನಲ್ಲಿ ಕಂಡ ಮುತ್ತಿಗೆಗಳು ಅದರಲ್ಲಿ ಉಪಯೋಗಕ್ಕೆ ಬಂದವು. ಪಂಡಿತರು ಅದನ್ನು ಮೆಚ್ಚುತ್ತಾರೆ, ನನಗಾದರೋ ಅದರ ಪಾತ್ರಗಳು ಅತಿಯಾಗಿ ತೋರುತ್ತವೆ. 1684ರಲ್ಲಿ ಯಾತ್ರಿಕನ ಹೆಂಡತಿಯೂ ನಾಲ್ಕು ಮಕ್ಕಳೂ ಅದೇ ದಾರಿಯಲ್ಲಿ ಹೊರಟ ಎರಡನೆಯ ಭಾಗವು ಬಂತು. ಮೊದಲನೆಯ ಭಾಗದಲ್ಲಿ ಮನೆಯವರನ್ನು ಬಿಟ್ಟು ಕಿವಿ ಮುಚ್ಚಿಕೊಂಡು ಓಡಿದ ಗಂಡನ ಕಥೆಯನ್ನು ಬರೆದವನು, ಇಲ್ಲಿ ಹೆಂಗಸರೂ ಮಕ್ಕಳೂ ಕುಂಟರೂ ಒಬ್ಬರನ್ನೊಬ್ಬರು ಕಾಯುತ್ತಾ ಮೆಲ್ಲಗೆ ಹೋಗುವದನ್ನು ಬರೆದನು. 1686ರಲ್ಲಿ ಮಕ್ಕಳಿಗಾಗಿ ಪದ್ಯಗಳನ್ನೂ ಬರೆದನು.

ಯಾತ್ರಿಕನ ಪುಸ್ತಕವು ಅವನು ಬದುಕಿರುವಾಗಲೇ ಹನ್ನೊಂದು ಸಾರಿ ಅಚ್ಚಾಯಿತು. ಸಮುದ್ರವನ್ನು ದಾಟಿ ಅಮೇರಿಕಕ್ಕೂ ಡಚ್ ಭಾಷೆಗೂ ಹೋಯಿತು. ಓದುಬಲ್ಲ ದೊಡ್ಡವರು ಬಹುಕಾಲ ಅದನ್ನು ಆಳುಮಕ್ಕಳ ಪುಸ್ತಕವೆಂದು ತಾತ್ಸಾರ ಮಾಡಿದರು. ಆದರೆ ಮುಂದೆ ಕಥೆ ಬರೆದವರು ಅದನ್ನು ಓದಿಯೇ ಬೆಳೆದರು. ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನನು ತನ್ನ ಆತ್ಮಚರಿತ್ರೆಯಲ್ಲಿ, ಕಥನದ ನಡುವೆ ಸಂಭಾಷಣೆಯನ್ನು ಬೆರಸಿ ಬರೆಯುವ ಬಗೆಯನ್ನು ಕುರಿತು ಬನ್ಯನನನ್ನು ಹೊಗಳಿದ್ದಾನೆ. ಥ್ಯಾಕರೆ ಎಂಬ ಕಾದಂಬರಿಕಾರನು 1847ರಲ್ಲಿ ಪ್ರಕಟವಾಗತೊಡಗಿದ ತನ್ನ ಕಾದಂಬರಿಗೆ ಆ ವ್ಯರ್ಥತೆಯ ಜಾತ್ರೆಯ ಹೆಸರನ್ನೇ ಇಟ್ಟನು. 1868ರಲ್ಲಿ ಲೂಯಿಸಾ ಆಲ್ಕಟ್ ಎಂಬಾಕೆಯು ಬರೆದ ಕಾದಂಬರಿಯಲ್ಲಿ ನಾಲ್ವರು ಅಕ್ಕತಂಗಿಯರು ಯಾತ್ರಿಕನ ಆಟವನ್ನೇ ಆಡುತ್ತಾರೆ. ನಮ್ಮ ಕನ್ನಡಕ್ಕೆ ಅದು ಬಾಸೆಲ್ ಮಿಷನಿನವರ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಂತು. ಆಗ ಕನ್ನಡದಲ್ಲಿ ಕಾದಂಬರಿಯೆಂಬದೇ ಹುಟ್ಟಿರಲಿಲ್ಲ.

1688ನೆಯ ಆಗಸ್ಟಿನಲ್ಲಿ ಒಬ್ಬ ನೆರೆಯ ಯೌವನಸ್ಥನು ಬನ್ಯನನ ಬಳಿಗೆ ಬಂದನು. ಅವನ ತಂದೆಯು ಕೋಪಗೊಂಡು ಆಸ್ತಿಯನ್ನು ತಪ್ಪಿಸುವದಕ್ಕಿದ್ದನು. ಅರುವತ್ತನೆಯ ವರುಷಕ್ಕೆ ಸಮೀಪಿಸಿದ್ದ ಬನ್ಯನನು ಕುದುರೆಯೇರಿ ರೆಡಿಂಗ್ ಪಟ್ಟಣಕ್ಕೆ ಹೋಗಿ ತಂದೆಯನ್ನು ಸಮಾಧಾನಪಡಿಸಿ ಮಗನನ್ನು ಒಪ್ಪುವಂತೆ ಮಾಡಿದನು. ಅಲ್ಲಿಂದ ಲಂಡನಿಗೆ ಹೋಗುವಾಗ ದಾರಿಯುದ್ದಕ್ಕೂ ಜಡಿಮಳೆ. ನೆನೆದು ಜ್ವರ ಬಂದು, ಸ್ನೋ ಹಿಲ್ ಬೀದಿಯಲ್ಲಿ ಜಾನ್ ಸ್ಟ್ರಡ್‌ವಿಕ್ ಎಂಬ ದಿನಸಿ ವ್ಯಾಪಾರಿಯ ಮನೆಯಲ್ಲಿ ಆಗಸ್ಟ್ 31ರಲ್ಲಿ ನಿದ್ರೆಹೋದನು. ಬನ್‌ಹಿಲ್ ಫೀಲ್ಡ್ಸ್ ಎಂಬ ಸ್ಮಶಾನದಲ್ಲಿ ಅವನನ್ನು ಹೂಳಿಟ್ಟರು.

ಅಷ್ಟು ಪ್ರತಿಗಳು ಮಾರಾಟವಾದ ಪುಸ್ತಕವನ್ನು ಬರೆದವನ ಸೊತ್ತು ಲೆಕ್ಕಹಾಕಿದಾಗ ನಲವತ್ತೆರಡು ಪೌಂಡು ಹತ್ತೊಂಬತ್ತು ಶಿಲ್ಲಿಂಗು ಮಾತ್ರ. ಸಾಯುವದಕ್ಕೆ ಮೂರು ವರುಷಗಳ ಹಿಂದೆ, 1685ರ ಡಿಸೆಂಬರಿನಲ್ಲಿ, ತಿರಿಗಿ ಸೆರೆಯಾದೀತೆಂಬ ಭಯವಿದ್ದಾಗ, ತನ್ನದೆಲ್ಲವನ್ನೂ ಎಲಿಜಬೆತಳಿಗೆ ದಾನಪತ್ರವಾಗಿ ಬರೆದು ಮನೆಯ ಗೋಡೆಯ ಇಟ್ಟಿಗೆಯ ಸಂದಿನಲ್ಲಿ ಅಡಗಿಸಿಟ್ಟಿದ್ದನು. ಅದು ಅವಳಿಗೂ ಸಿಕ್ಕಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಮನೆಯನ್ನು ಕೆಡವುವಾಗ ಹೊರಗೆ ಬಂತು. ಅರುವತ್ತರ ಸಮೀಪಕ್ಕೆ ಪುಸ್ತಕಗಳನ್ನು ಬರೆದು, ಲಂಡನಿನಲ್ಲಿ ಸಾವಿರಾರು ಮಂದಿ ಕೇಳುವ ಬೋಧಕನಾಗಿದ್ದ ಮನುಷ್ಯನು ಆ ಪತ್ರದಲ್ಲಿ ತನ್ನ ಹೆಸರಿನ ಮುಂದೆ ಬರೆದುಕೊಂಡ ಕಸಬು ಕಂಚುಗಾರನೆಂಬದೇ.